ಲವಂಗಕ್ಕೆ ಎರಡೇ ಅಂಕ

ಬೀದಿಯಲ್ಲಿ ಹೆಸರು ಹಿಡಿದು ಕರೆದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಮೂಗಣ್ಣ ಎಂದರೆ ಮಾತ್ರ ನಿಲ್ಲುತ್ತಿದ್ದ. ಅಂಥ ದೊಡ್ಡ ಮೂಗೇನೂ ಇರಲಿಲ್ಲ ಅವನದು. ಒಮ್ಮೆ ಪೊಲೀಸರ ಕೋಲಿನ ಏಟು ಬಿದ್ದು ಎಡಕ್ಕೆ ವಾಲಿದ್ದ ಸಾಧಾರಣ ಮೂಗು. ಗ್ಯಾಸ್ ಒಲೆ ರಿಪೇರಿಗೆಂದು ಯಾರಾದರೂ ಕರೆದರೆ, ಪೈಪಿಗೆ ಸಾಬೂನಿನ ನೊರೆ ಸವರಿ ಗುಳ್ಳೆ ಏಳುತ್ತದೋ ಎಂದು ನೋಡುವ ತಾಪತ್ರಯ ಅವನಿಗಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡು ಸಲ ಉಸಿರೆಳೆದು, "ಎಡಗಡೆ ಬರ್ನರ್ ಹಿಂದೆ, ಪೈಪು ಸೇರೋ ಕಡೆ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಅಲ್ಲೇ ಸೋರುತ್ತಿರುತ್ತಿತ್ತು. "ನಿನ್ನೆ ಹಾಲು ಉಕ್ಕಿಸಿದ್ದೀರಿ, ಒರೆಸಿದ ಬಟ್ಟೆ ಇನ್ನೂ ಒಗೆದಿಲ್ಲ" ಎಂದೂ ಸೇರಿಸುತ್ತಿದ್ದ. ಅದನ್ನು ಯಾರೂ ಕೇಳಿರುತ್ತಿರಲಿಲ್ಲ.

ಒಲೆ ರಿಪೇರಿ ಅವನ ಎರಡನೆಯ ಬದುಕು. ಮೊದಲನೆಯದು ಕಳೆದದ್ದು ಊರಾಚೆಯ ದೊಡ್ಡ ಬಿಯರ್ ಕಾರ್ಖಾನೆಯಲ್ಲಿ. ರುಚಿ ನೋಡುವ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ. "ಕುಡಿಯೋದಕ್ಕೇ ಸಂಬಳ ಕೊಡ್ತಿದ್ರಾ ನಿಂಗೆ?" ಎಂದು ಹಲ್ಲು ಕಿರಿದವರಿಗೆಲ್ಲ ಅವನು ಆ ಕೋಣೆಯ ಅಳತೆ ಹೇಳುತ್ತಿದ್ದ: ಹತ್ತಡಿ, ಎಂಟಡಿ, ಕಿಟಕಿಯಿಲ್ಲ. ತಲೆಗೆ ಎಣ್ಣೆ ಹಚ್ಚುವಂತಿಲ್ಲ, ಸಿಗರೇಟು ಸೇದುವಂತಿಲ್ಲ, ಊಟದಲ್ಲಿ ಈರುಳ್ಳಿ ಮುಟ್ಟುವಂತಿಲ್ಲ. ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಮೇಜಿನ ಮೇಲೆ ಮೂರು ಕಪ್ಪು ಗ್ಲಾಸು ಬರುತ್ತಿದ್ದವು. ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಬೇರೆ. ಆ ಬೇರೆಯದು ಯಾವುದೆಂದು ಹುಡುಕಬೇಕು, ಹುಡುಕಿದ ಮೇಲೆ ಅದರ ರೋಗಕ್ಕೆ ಹೆಸರು ಹೇಳಬೇಕು. ಒದ್ದೆ ರಟ್ಟಿನ ವಾಸನೆ, ಬೆಣ್ಣೆ ವಾಸನೆ, ಹಸಿ ಸೇಬಿನ ವಾಸನೆ ಎಂದು ಗೋಡೆಯ ಮೇಲೊಂದು ಪಟ್ಟಿ. ಪಟ್ಟಿಯ ತುದಿಯಲ್ಲಿ ಕೆಂಪು ಅಕ್ಷರದಲ್ಲಿ ಲವಂಗ. ಆ ಕಾರ್ಖಾನೆಯ ಬಿಯರಿನಲ್ಲಿ ಲವಂಗದ ನಾತ ಬಂತೆಂದರೆ ಕರೆಯದ ಕಾಡು ಯೀಸ್ಟ್ ತೊಟ್ಟಿಗೆ ನುಗ್ಗಿದೆ ಎಂದೇ ಅರ್ಥ. ಮರುಮಾತಿಲ್ಲ, ಚರಂಡಿಗೆ.

ಅವನ ಕೆಲಸ ಹೋದದ್ದೂ ಲವಂಗದಿಂದಲೇ. ಒಂದು ಬೇಸಿಗೆಯಲ್ಲಿ ಸಾಲಾಗಿ ಹನ್ನೊಂದು ತೊಟ್ಟಿ ಲವಂಗದ ನಾತ ಹೊಡೆದವು. ಮ್ಯಾನೇಜರು ಕೋಣೆಗೇ ಇಳಿದು ಬಂದು, ಹೆಗಲ ಮೇಲೆ ಕೈ ಹಾಕಿ, "ಇದು ಹೀಗೇ ಇರೋದಪ್ಪ, ಹೊಸ ರುಚಿ. ಸಹಿ ಹಾಕು" ಎಂದ. ಮೂಗಣ್ಣ ಹಾಕಲಿಲ್ಲ. ಬೇರೆ ಯಾರೋ ಹಾಕಿದರು, ಸರಕು ಹೋಯಿತು, ಅರ್ಧಕ್ಕರ್ಧ ವಾಪಸು ಬಂತು, ತಪ್ಪು ಮಾತ್ರ ಮೂಗಣ್ಣನ ತಲೆಗೆ ಬಂತು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಗೆಳೆಯ, ಎಲ್ಲರ ಬಾಯಲ್ಲಿ ಬಾಯ್ಲರಿನವನು, ಅವನ ಪರ ನಿಂತ. ಕಾರ್ಮಿಕರ ಸಂಘ ನಿಂತಿತು. ನಲವತ್ತಮೂರು ದಿನದ ಮುಷ್ಕರ. ಗೇಟಿನ ಮುಂದೆ ಅನ್ನ ಬೇಯಿಸಿಕೊಂಡು ತಿಂದರು, ಏಟೂ ತಿಂದರು. ಕೊನೆಗೆ ಕಾರ್ಖಾನೆ ತೆರೆದಾಗ ಒಳಗೆ ಸೇರಿಸದವರ ಪಟ್ಟಿಯಲ್ಲಿ ಮೊದಲ ಎರಡು ಹೆಸರು ಇವರಿಬ್ಬರದೇ.

ಆ ಸಂಘದಲ್ಲಿ ಒಂದು ಕಟ್ಟಳೆಯಿತ್ತು. ಯಾರಾದರೂ ನಾಲ್ಕು ಜನರ ಮುಂದೆ ತಪ್ಪು ಮಾತು ಹೇಳಿ ದಾರಿ ತಪ್ಪಿಸಿದರೆ, ಹೇಳಿದ ಜಾಗದಲ್ಲೇ ಮತ್ತೆ ಹೋಗಿ ನಿಂತು, ಅದೇ ನಾಲ್ಕು ಜನರ ಮುಂದೆ "ನಾನು ಹೇಳಿದ್ದು ತಪ್ಪು" ಎನ್ನಬೇಕು. ಚಹಾದಂಗಡಿಯ ಮೂಲೆಯಲ್ಲಿ ಕಿವಿಯಲ್ಲಿ ಉಸುರಿದರೆ ಅದು ಲೆಕ್ಕಕ್ಕಿಲ್ಲ. ಬಾಯ್ಲರಿನವನು ಒಮ್ಮೆ ಗೇಟಿನೆದುರು ಎಣ್ಣೆಯ ಪೀಪಾಯಿ ಹತ್ತಿ ಸುಳ್ಳು ಸುದ್ದಿಯೊಂದನ್ನು ನಿಜವೆಂದು ಸಾರಿಬಿಟ್ಟಿದ್ದ. ಮಾರನೆಯ ದಿನ ಅದೇ ಪೀಪಾಯಿ ಹತ್ತಿ ಮುಖ ಹುಳ್ಳಗೆ ಮಾಡಿಕೊಂಡು ವಾಪಸು ತೆಗೆದುಕೊಂಡ. ಮೂಗಣ್ಣನಿಗೆ ಮಾತ್ರ ಆ ಪೀಪಾಯಿ ಹತ್ತುವ ಪ್ರಸಂಗ ಯಾವತ್ತೂ ಬಂದಿರಲಿಲ್ಲ. ಅದೊಂದು ಹೆಮ್ಮೆ ಅವನಿಗೆ. ಹೆಂಡತಿಯ ಪ್ರಕಾರ ಅದೇ ಅವನ ಕಾಯಿಲೆ.

ಬಾಯ್ಲರಿನವನು ಸತ್ತು ಆರು ವರ್ಷ. ಅವನ ಮಗಳಿಗೆ ನಲವತ್ತು ದಾಟಿದ್ದರೂ ಮೂಗಣ್ಣನ ಬಾಯಲ್ಲಿ ಅವಳು ಪುಟ್ಟಿಯೇ. ಹನ್ನೊಂದು ವರ್ಷ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸಿ ಎಣಿಸಿ ಬೇಸತ್ತು, ಮುಚ್ಚಿಹೋಗಿದ್ದ ಹಳೆಯ ಲಾಂಡ್ರಿಯೊಂದನ್ನು ಬಾಡಿಗೆಗೆ ಹಿಡಿದು, ಮೂರು ಉಕ್ಕಿನ ತೊಟ್ಟಿ ತಂದು ನಿಲ್ಲಿಸಿದ್ದಳು. ಮಾಡಲು ಹೊರಟಿದ್ದು ಬೆಲ್ಜಿಯಂ ಬಗೆಯ ಬಿಯರು. ಗೋಧಿ ಬೆರೆಸಿದ ಮಸುಕು ಬಣ್ಣದ್ದೊಂದು, ಕಂದು ಬಣ್ಣದ್ದೊಂದು, ಬಂಗಾರದ ಬಣ್ಣದ, ಅಮಲು ಜಾಸ್ತಿ ಇರುವುದೊಂದು. ಅವಳು ಆ ದೇಶಕ್ಕೆ ಹೋದವಳಲ್ಲ, ಅಲ್ಲಿನ ಒಂದು ಬಾಟಲಿಯ ರುಚಿಯನ್ನೂ ಕಂಡವಳಲ್ಲ. ಕಲಿತಿದ್ದೆಲ್ಲ ಒಂದು ದಪ್ಪ ಪುಸ್ತಕದಿಂದ, ಮತ್ತು ಹದಿನೈದು ದಿನದ ತರಬೇತಿಯಿಂದ. ಯೀಸ್ಟ್ ಪೊಟ್ಟಣದಲ್ಲಿ ಬರುತ್ತಿತ್ತು. ಧೈರ್ಯ ಅಪ್ಪನದು.

ಶನಿವಾರ ಸಂಜೆ ನಾಲ್ಕಕ್ಕೆ ಲಾಂಡ್ರಿಯಲ್ಲಿ ರುಚಿ ನೋಡುವ ಸಭೆ. ಹಿಂದೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಉದ್ದನೆಯ ಮೇಜು, ನಾಲ್ಕು ಕುರ್ಚಿ. ನೆಲ ಚರಂಡಿಯ ಕಡೆಗೆ ಇಳಿಜಾರಾಗಿದ್ದರಿಂದ ಕುರ್ಚಿಗಳೂ ಅತ್ತ ಜಾರುತ್ತಿದ್ದವು. ಒಬ್ಬೊಬ್ಬರ ಮುಂದೆ ಒಂದು ಚೀಟಿ: ನೋಟ, ವಾಸನೆ, ನಾಲಿಗೆ, ನುಂಗಿದ ಮೇಲೆ. ಒಟ್ಟು ಹತ್ತು ಅಂಕ. ಪಕ್ಕದ ಕ್ಷೌರದಂಗಡಿಯವನನ್ನು ಎಲ್ಲರೂ ಕರೆಯುತ್ತಿದ್ದುದು ಕತ್ತರಿ ಎಂದೇ; ಅವನು ಎಲ್ಲಕ್ಕೂ ಒಂಬತ್ತು ಕೊಡುತ್ತಿದ್ದ. ಪುಕ್ಕಟೆ ಸಿಕ್ಕಿದ್ದಕ್ಕೆ ಅದಕ್ಕಿಂತ ಕಡಿಮೆ ಕೊಡುವುದು ಅವನ ಮನಸ್ಸಿಗೆ ಒಗ್ಗುತ್ತಿರಲಿಲ್ಲ. ಮೂಗಣ್ಣನ ಹೆಂಡತಿ ಹೊಲಿಗೆಯವಳು. ಅವಳು ಒಂದು ಗುಟುಕು ಕುಡಿದು, ಕಾಜಾ ಹೊಲಿಯುತ್ತ ಕೂತು, ಮಿಕ್ಕವರ ಮಾತು ಕೇಳುತ್ತಿದ್ದಳು. ಮೂಗಣ್ಣ ಜನ್ಮದಲ್ಲಿ ಆರೂವರೆ ದಾಟಿದವನಲ್ಲ. ಊರಿನ ಹೋಟೆಲಿನವನು ಪುಟ್ಟಿಗೆ ಮೊದಲೇ ಹೇಳಿಬಿಟ್ಟಿದ್ದ: "ಮೂಗಣ್ಣ ಒಪ್ಪಿದ್ದನ್ನ ತಗೊಂಡು ಬಾರಮ್ಮ, ಕಣ್ಣು ಮುಚ್ಚಿ ನನ್ನ ಬಿಯರ್ ನಲ್ಲಿಗೆ ಹಾಕ್ತೀನಿ." ಹೀಗಾಗಿ ಅವಳ ಬಿಯರು ಲಾಂಡ್ರಿಯ ಹೊಸಿಲು ದಾಟಬೇಕಾದರೆ ಅವನ ಮೂಗನ್ನು ದಾಟಲೇಬೇಕಿತ್ತು.

ನಾಲ್ಕು ತಿಂಗಳ ಹಿಂದೆ ಬಂಗಾರದ ಬಣ್ಣದ್ದು ಮೊದಲ ಸಲ ಮೇಜಿಗೆ ಬಂತು. ಮೂಗಣ್ಣ ಗ್ಲಾಸನ್ನು ಮುಖದ ಹತ್ತಿರ ತಂದವನೇ ಇಳಿಸಿಬಿಟ್ಟ. ಲವಂಗ. ಹಿಂದೆಯೇ ಸ್ವಲ್ಪ ಕಳಿತ ಬಾಳೆಹಣ್ಣು, ಮೆಣಸು. ಚೀಟಿಯಲ್ಲಿ ಲವಂಗ, ಎರಡು ಎಂದು ಬರೆದು, ಕೆಳಗೆ ಸಹಿ ಹಾಕಿದ.

"ಸುರಿದುಬಿಡು ಪುಟ್ಟಿ. ರೋಗ ಹತ್ತಿದೆ."

"ಚಿಕ್ಕಪ್ಪ, ಪುಸ್ತಕದಲ್ಲಿ ಮಸಾಲೆ ಪರಿಮಳ ಇರತ್ತೆ ಅಂತ..."

"ಪುಸ್ತಕಕ್ಕೆ ಮೂಗಿದೆಯಾ? ತೊಟ್ಟಿ ಕೆಟ್ಟವರೆಲ್ಲ ಹೇಳೋದು ಇದನ್ನೇ, ಇದು ಹೀಗೇ ಇರೋದು ಅಂತ. ಬಾ."

ಅವಳನ್ನು ಕರೆದುಕೊಂಡು ಹೋಗಿ, ಚರಂಡಿಯ ಕಬ್ಬಿಣದ ಜಾಲರಿಯ ಪಕ್ಕ ತಾನೇ ನಿಂತು, ಮುನ್ನೂರು ಲೀಟರನ್ನೂ ಸುರಿಸಿದ. ನೊರೆ ಮೊಣಕಾಲೆತ್ತರ ಎದ್ದಿತು. ಕತ್ತರಿ ಟೋಪಿ ತೆಗೆದು ಎದೆಗೊತ್ತಿಕೊಂಡು ನಿಂತಿದ್ದ, ಹೆಣದ ಮುಂದೆ ನಿಂತವನ ಹಾಗೆ. ಪುಟ್ಟಿ ಅಳಲಿಲ್ಲ. ಪೈಪು ಹಿಡಿದು ನೆಲ ತೊಳೆದಳು. "ಮುಂದಿನ ಸಲ ಐದನೇ ದಿನಕ್ಕೇ ತಣ್ಣಗೆ ಮಾಡು. ಬೆಚ್ಚಗೆ ಬಿಟ್ಟರೆ ರೋಗ ಬರತ್ತೆ" ಎಂದು ಅವನು ಹೇಳಿದ್ದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡು, ಪಕ್ಕದಲ್ಲೇ ಅವನ ಚೀಟಿಯನ್ನೂ ಅಂಟಿಸಿದಳು.

ಆ ಬಂಗಾರದ ಬಣ್ಣದ್ದೇ ಎರಡನೆಯ ಸಲ ಮೇಜಿಗೆ ಬಂದ ಶನಿವಾರ ನಡೆದದ್ದು ಬೇರೆ. ಹೋಟೆಲಿನವನಿಗೆ ಬುಧವಾರಕ್ಕೆ ಬೇಕಿತ್ತು. ಪುಟ್ಟಿ ಈ ಸಲ ತೊಟ್ಟಿಯನ್ನು ಮೂರು ಸಲ ಕುದಿಯುವ ನೀರಿನಲ್ಲಿ ತೊಳೆದಿದ್ದಳು. ಆದರೂ ಮೂಗಣ್ಣ ಗ್ಲಾಸೆತ್ತಿದ ಕೂಡಲೇ ಅದೇ ಲವಂಗ. ಅವನ ಕೈ ಚೀಟಿಯ ಕಡೆಗೆ ಹೋಯಿತು.

"ತಡೀರಿ ಚಿಕ್ಕಪ್ಪ" ಎಂದಳು ಪುಟ್ಟಿ. "ಬರೀಬೇಡಿ. ಮೂರು ಗ್ಲಾಸು ಇಡ್ತೀನಿ. ನಿಮ್ಮ ಕಾರ್ಖಾನೇಲಿ ಇಡ್ತಿದ್ರಲ್ಲ, ಹಾಗೇ."

ಮೂಗಣ್ಣನ ಮುಖ ಅರಳಿತು. "ಇಡು ಮತ್ತೆ! ಎಷ್ಟು ವರ್ಷ ಆಯ್ತು."

ಅವಳು ತೊಟ್ಟಿಗಳ ಹಿಂದೆ ಹೋಗಿ, ಸುತ್ತ ಹಳೆಯ ಪತ್ರಿಕೆ ಸುತ್ತಿ ಬಣ್ಣ ಕಾಣದಂತೆ ಮಾಡಿದ ಮೂರು ಗ್ಲಾಸು ತಂದಿಟ್ಟಳು. ಅವನು ತೋಳು ಮಡಚಿದ. ತನ್ನ ಮೊಣಕೈಯ ಒಳಮಡಿಕೆಯನ್ನು ಒಮ್ಮೆ ಮೂಸಿದ. ಮೂಗು ದಣಿದಾಗ ಅದನ್ನು ತನ್ನ ಮೈವಾಸನೆಗೆ ತಂದು ನಿಲ್ಲಿಸುವ ಹಳೆಯ ರೂಢಿ ಅದು. ಬಲದಿಂದ ಶುರು. ಬಲ, ನಡು, ಎಡ. ಮತ್ತೆ ನಡು. ಒಂದೊಂದು ಗುಟುಕು. ಕತ್ತರಿ ಮೇಜಿನ ಮೇಲೆ ಬಾಗಿ ಕೂತಿದ್ದ. ಹೊಲಿಗೆಯವಳ ಸೂಜಿಯೂ ನಿಂತಿತ್ತು.

"ನಡುವಿಂದು ಬೇರೆ" ಎಂದ ಮೂಗಣ್ಣ. "ಅಕ್ಕಪಕ್ಕದ್ದೆರಡೂ ಒಂದೇ ತೊಟ್ಟಿದು. ರೋಗ ಮಾತ್ರ ಮೂರಕ್ಕೂ ಅಂಟಿದೆ. ನಡುವಿಂದಕ್ಕೆ ಇನ್ನೂ ಜಾಸ್ತಿ, ಬರೀ ಲವಂಗ. ಎರಡು ಅಂಕ. ಅದೂ ನಿನ್ನ ಮುಖ ನೋಡಿ."

"ಸರಿಯಾಗೇ ಹೇಳಿದ್ರಿ, ನಡುವಿಂದೇ ಬೇರೆ" ಎಂದು ಪುಟ್ಟಿ ಮಾಲ್ಟ್ ಧಾನ್ಯದ ಚೀಲದ ಹಿಂದಿನಿಂದ ಒಂದು ಕಪ್ಪು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. "ಇದು ನಂದಲ್ಲ. ಬೆಲ್ಜಿಯಂದು. ಅಲ್ಲಿ ಒಂದು ಮಠದಲ್ಲಿ ಸನ್ಯಾಸಿಗಳು ಮಾಡೋದು. ಎಷ್ಟೋ ಜನರ ಕೈ ಕಾಲು ಹಿಡಿದು ತರಿಸಿದೆ."

"ಸನ್ಯಾಸಿಗಳಾ?" ಕತ್ತರಿ ಕುರ್ಚಿಯಿಂದ ಅರ್ಧ ಎದ್ದ. "ಹಾಗಿದ್ರೆ ನಾನು ನಾಳೇನೇ ತಲೆ ಬೋಳಿಸ್ಕೊಂಡು ಹೊರಟೆ. ಬೋಳಿಸೋದಕ್ಕೆ ಇನ್ನೊಬ್ರನ್ನ ಹುಡುಕೋ ಕೆಲಸಾನೂ ಇಲ್ಲ ನಂಗೆ."

ಮೂಗಣ್ಣ ಬಾಟಲಿ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದ. ಕೊನೆಗೆ, "ದಾರೀಲಿ ಕೆಟ್ಟಿರತ್ತೆ. ಸಮುದ್ರ ದಾಟಿ ಬಂದಿದೆ, ಬಿಸಿಲು ತಿಂದಿದೆ" ಎಂದ.

ಪುಟ್ಟಿ ಎರಡನೆಯ ಬಾಟಲಿ ತೆಗೆದಳು. ಅದೇ ದೇಶದ್ದು, ಬೇರೆ ಮನೆತನದ್ದು, ಬೇರೆ ಅಂಗಡಿಯಿಂದ ತಂದದ್ದು. ಮುಚ್ಚಳ ತೆಗೆದು ಸುರಿದು ಅವನ ಮುಂದೆ ಸರಿಸಿದಳು. ಅವನು ಮೂಸಿದ. ಬಾಳೆಹಣ್ಣು, ಮೆಣಸು, ಎಲ್ಲಕ್ಕಿಂತ ಮುಂದೆ ನಿಂತು ಕಾಲ ಮೇಲೆ ಕಾಲು ಹಾಕಿದ್ದು ಲವಂಗ. ಯಾವ ಕಾಡು ಯೀಸ್ಟೂ ಕದ್ದು ನುಗ್ಗಿದ ಹಾಗಿರಲಿಲ್ಲ. ಮನೆಯ ಯಜಮಾನನೇ ಬಾಗಿಲಲ್ಲಿ ನಿಂತು ಬನ್ನಿ ಎಂದಂತಿತ್ತು. ಎರಡು ಮನೆಯವರು ಬೇರೆ ಬೇರೆ ಊರಿನಲ್ಲಿ ಕೂತು ಒಂದೇ ರೋಗವನ್ನು ಇಷ್ಟು ಚೊಕ್ಕವಾಗಿ ಸಾಕುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ಆ ಮುನ್ನೂರು ಲೀಟರ್ ಸರಿಯಾಗೇ ಇತ್ತು, ಅಲ್ವಾ ಚಿಕ್ಕಪ್ಪ?" ಪುಟ್ಟಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಸಲೀಸಾಗುತ್ತಿತ್ತು.

ಹೆಂಡತಿ ದಾರ ಹಲ್ಲಿನಿಂದ ಕಡಿದು ಹೇಳಿದಳು: "ಮಗು ಕೇಳ್ತಿದೆ, ಹೇಳ್ರೀ. ಮೂವತ್ತು ವರ್ಷದಿಂದ ನಿಮ್ಮ ಮೂಗಿನ ನೇರಕ್ಕೇ ನಾವೆಲ್ಲ ನಡೆದಿದ್ದೀವಿ. ಅದು ಎಡಕ್ಕೆ ವಾಲಿದೆ ಅನ್ನೋದನ್ನ ಒಂದು ದಿನಾನೂ ಯಾರೂ ಲೆಕ್ಕಕ್ಕೆ ತಗೊಂಡಿರ್ಲಿಲ್ಲ."

ಮೂಗಣ್ಣ ಎದ್ದ. ಹೊರಟೇಹೋಗುತ್ತಾನೆ ಎಂದುಕೊಂಡರು. ಬಾಗಿಲ ಕಡೆಗೆ ನಾಲ್ಕು ಹೆಜ್ಜೆ ಹೋದದ್ದೂ ನಿಜ. ಆಮೇಲೆ ಇಳಿಜಾರು ನೆಲದ ಮೇಲೆ ಹಾಗೇ ತಿರುಗಿ, ಮೂಲೆಯ ಚರಂಡಿಯ ಜಾಲರಿಯ ಪಕ್ಕಕ್ಕೆ ಹೋಗಿ ನಿಂತ. ನಾಲ್ಕು ತಿಂಗಳ ಹಿಂದೆ ನಿಂತ ಜಾಗವೇ. ಕೈ ಎಲ್ಲಿಡಬೇಕೋ ತಿಳಿಯದೆ ಹಿಂದೆ ಕಟ್ಟಿಕೊಂಡ.

"ಇಲ್ಲಿ ನಿಂತು, ನಿಮ್ಮ ಮೂರೂ ಜನರ ಮುಂದೆ, ಈ ಬಿಯರು ಕೆಟ್ಟಿದೆ, ಸುರಿ ಅಂದೆ. ನಾನು ಹೇಳಿದ್ದು ತಪ್ಪು. ಬಿಯರು ಕೆಟ್ಟಿರ್ಲಿಲ್ಲ. ಗೊತ್ತಿಲ್ಲದ್ದನ್ನ ಗೊತ್ತು ಅಂದೆ."

ಪುಟ್ಟಿ ಕುರ್ಚಿಯ ಬೆನ್ನು ಹಿಡಿದು ನಿಂತುಬಿಟ್ಟಳು. ಆ ಕಟ್ಟಳೆ ಅವಳಿಗೂ ಗೊತ್ತಿತ್ತು. ಪೀಪಾಯಿ ಹತ್ತಿದ್ದ ಅಪ್ಪನ ಕಾಲನ್ನು ಕೆಳಗೆ ನಿಂತು ಹಿಡಿದುಕೊಂಡಿದ್ದ ಹುಡುಗಿ ಅವಳೇ.

"ಆಯ್ತು ಬನ್ನಿ, ಕೂತ್ಕೊಳ್ಳಿ" ಎಂದಳು.

"ತಡಿ, ಮುಗಿದಿಲ್ಲ" ಎಂದ ಅವನು, ಜಾಲರಿಯ ಪಕ್ಕದಿಂದ ಅಲುಗದೆ. "ಈಗ ಹೇಳೋದನ್ನ ನೀನು ನಂಬಬೇಕಾಗಿಲ್ಲ. ನಾನೇ ನಿನ್ನ ಜಾಗದಲ್ಲಿದ್ದಿದ್ರೆ ನಂಬ್ತಿರ್ಲಿಲ್ಲ. ಆದ್ರೂ ಹೇಳ್ತೀನಿ. ಆ ಸನ್ಯಾಸಿಗಳದ್ದರ ಪಕ್ಕ ಇಟ್ಟಿದ್ದಕ್ಕೇ ಗೊತ್ತಾಯ್ತು, ನಿನ್ನದರಲ್ಲಿ ಲವಂಗದ ಹಿಂದೆ ಬೆಣ್ಣೆ ಇದೆ. ಅವರದರಲ್ಲಿಲ್ಲ. ಅದು ಇರಬಾರದು."

ಪುಟ್ಟಿ ಗ್ಲಾಸುಗಳನ್ನು ಒಂದೊಂದಾಗಿ ಎತ್ತಿ ಮೂಸಿದಳು. ಅವಳಿಗೆ ತಿಳಿಯಲಿಲ್ಲ. ಕತ್ತರಿ ಮೂಸಿ, ಕುಡಿದು, "ಬೆಣ್ಣೆ ಇದ್ರೆ ಒಳ್ಳೇದೇ ಅಲ್ವೇನಯ್ಯ?" ಎಂದ.

"ಯಾಕೆ ಬಂತು ಬೆಣ್ಣೆ?" ಎಂದು ಕೇಳಿದಳು ಪುಟ್ಟಿ.

ಮೂಗಣ್ಣ ಗೋಡೆಯ ಮೇಲಿನ ಸೀಮೆಸುಣ್ಣದ ಸಾಲಿನ ಕಡೆಗೆ ಗದ್ದ ಎತ್ತಿದ. "ನಾನು ಬರೆಸಿದ್ದರಿಂದಲೇ. ಐದನೇ ದಿನಕ್ಕೆ ತಣ್ಣಗೆ ಮಾಡಿಸಿದೆ. ಯೀಸ್ಟು ಮೊದಲು ಬೆಣ್ಣೆ ಉಗುಳತ್ತೆ, ಆಮೇಲೆ ತಾನೇ ತಿಂದು ಮುಗಿಸತ್ತೆ. ತಿನ್ನೋದಕ್ಕೆ ಬಿಡ್ಲಿಲ್ಲ ನಾವು, ಚಳಿಗೆ ಮಲಗಿಸಿಬಿಟ್ವಿ. ಮತ್ತೆ ಬೆಚ್ಚಗೆ ಮಾಡಿ ಒಂದು ವಾರ ಬಿಟ್ರೆ ಎದ್ದು ತಿನ್ನಬಹುದು."

"ಬಹುದು?"

"ಬಹುದು. ತಿನ್ನತ್ತೆ ಅಂತ ಹೇಳೋ ಧೈರ್ಯ ಈವತ್ತು ನಂಗಿಲ್ಲ."

ಪುಟ್ಟಿ ತೊಟ್ಟಿಗೆ ಒರಗಿ ಯೋಚಿಸಿದಳು. ಹೋಟೆಲಿನವನು ಬುಧವಾರ ಇದನ್ನು ಹೀಗೇ ಕೊಂಡೊಯ್ದರೂ ಬೆಣ್ಣೆಯ ಸುಳಿವು ಅವನ ಹತ್ತು ಗಿರಾಕಿಗಳಲ್ಲಿ ಒಬ್ಬರಿಗೂ ಹತ್ತುತ್ತಿರಲಿಲ್ಲ. ಇನ್ನೊಂದು ಕಡೆ, ಒಮ್ಮೆ ಅವಳನ್ನು ಮುಳುಗಿಸಿದ ಮೂಗೇ ಈಗ ಕಾದು ನೋಡು ಎನ್ನುತ್ತಿದೆ. ಕಾದು, ಬೆಚ್ಚಗಿಟ್ಟು, ಅದು ನಿಜವಾಗಿಯೂ ಕೆಟ್ಟರೆ? ತೊಟ್ಟಿ ಖಾಲಿಯಾಗದೆ ಮುಂದಿನದನ್ನು ಹಾಕುವಂತಿಲ್ಲ. ಹೋಟೆಲಿನ ನಲ್ಲಿ ಇನ್ನೊಬ್ಬರ ಪಾಲಾಗುತ್ತದೆ.

"ನನ್ನ ಮಾತಿನ ಮೇಲೆ ಮಾಡಬೇಡ" ಎಂದ ಮೂಗಣ್ಣ, ಅವಳ ಹಣೆಯ ಗೆರೆ ಓದಿದವನಂತೆ. "ತೊಟ್ಟಿಯಿಂದ ಎರಡು ಕ್ಯಾನು ತುಂಬಿಸಿ ತೆಗೆ. ತಳದ ಯೀಸ್ಟೂ ಸೇರಲಿ. ಒಂದು ಇಲ್ಲೇ ತಣ್ಣಗಿರಲಿ. ಇನ್ನೊಂದನ್ನ ನಾನು ಬೆಚ್ಚಗಿಡ್ತೀನಿ. ಮುಂದಿನ ಶನಿವಾರ ಮೂರು ಗ್ಲಾಸು ನಾನು ಇಡ್ತೀನಿ, ನೀನು ಮೂಸು. ನಿನ್ನ ಮೂಗು ಏನು ಹೇಳತ್ತೋ ಅದನ್ನ ಮಾಡು."

ಅವಳು ಫೋನು ಹಚ್ಚಿದಳು. ಹೋಟೆಲಿನವನು ಗೊಣಗಿದ, ಬೈದ, ಕೊನೆಗೆ ಮೂರು ವಾರ ಎಂದ. ಅದಕ್ಕಿಂತ ಒಂದು ದಿನ ಹೆಚ್ಚಾದರೂ ನಲ್ಲಿ ಬೇರೆಯವರಿಗೆ.

ಆ ವಾರ ಮೂಗಣ್ಣನ ಮನೆಯಲ್ಲಿ ಒಂದು ಕ್ಯಾನು ಕಂಬಳಿ ಹೊದ್ದು ಮಲಗಿತ್ತು. ಮೂಗಣ್ಣ ಕೆಲಸದ ಮಧ್ಯೆ ಎರಡು ಸಲ ಮನೆಗೆ ಬಂದು ಕಂಬಳಿಯ ಕೆಳಗೆ ಕೈ ಹಾಕಿ ನೋಡುತ್ತಿದ್ದ.

"ನಂಗೆ ಟೈಫಾಯ್ಡ್ ಆದಾಗ ಹೀಗೆ ಮುಟ್ಟಿ ನೋಡ್ಲಿಲ್ಲ ನೀವು" ಎಂದಳು ಹೆಂಡತಿ.

"ನಿಂಗೆ ತಳದಲ್ಲಿ ಯೀಸ್ಟ್ ಇರ್ಲಿಲ್ಲ" ಎಂದ. ಅವಳು ಕೈಗೆ ಸಿಕ್ಕ ದಾರದುಂಡೆ ಎಸೆದಳು. ಆದರೆ ರಾತ್ರಿ ಹೊದೆಯಲು ತಾನಿಟ್ಟುಕೊಂಡಿದ್ದ ಶಾಲನ್ನೂ ಅವಳೇ ಕ್ಯಾನಿಗೆ ಸುತ್ತಿದಳು. ಮುಚ್ಚಳ ತೆಗೆದು ಒಮ್ಮೆ ಮೂಸಿ ನೋಡಿ ಎಂದರೆ ಅವನು ಒಪ್ಪಲಿಲ್ಲ. ಮೂಸಿದರೆ ಬಾಯಿ ಸುಮ್ಮನಿರುವುದಿಲ್ಲ, ಬಾಯಿ ಬಿಟ್ಟರೆ ಪುಟ್ಟಿ ಅದನ್ನೇ ನಂಬುತ್ತಾಳೆ ಎಂಬ ಹೆದರಿಕೆ ಅವನಿಗೆ.

ಶನಿವಾರ ನಾಲ್ಕಕ್ಕೆ ಮೂಗಣ್ಣ ತೊಟ್ಟಿಗಳ ಹಿಂದೆ ನಿಂತು ಗ್ಲಾಸು ತುಂಬಿದ. ಮೂರನ್ನೂ ತಂದು ಪುಟ್ಟಿಯ ಮುಂದಿಟ್ಟು, ತನ್ನ ಮುಖ ಅವಳಿಗೆ ಕಾಣಬಾರದೆಂದು ಗೋಡೆಗೆ ತಿರುಗಿ ನಿಂತ.

ಪುಟ್ಟಿ ಬಹಳ ಹೊತ್ತು ತೆಗೆದುಕೊಂಡಳು. ಬಲ, ನಡು, ಎಡ. ಮೊಣಕೈ ಮಡಿಕೆ ಮೂಸಿದಳು. ಮತ್ತೆ ಬಲ. ಕತ್ತರಿಗೆ ತಡೆಯಲಾಗದೆ, "ಅಂಗಡೀಲಿ ಒಬ್ಬನಿಗೆ ಅರ್ಧ ಗಡ್ಡ ಹೆರೆದು ಬಂದಿದ್ದೀನಮ್ಮ, ಬೇಗ" ಎಂದ.

"ಎಡಗಡೇದು ಬೇರೆ" ಎಂದಳು ಅವಳು. ಇನ್ನೊಂದು ಗುಟುಕು ಕುಡಿದು, "ಬಲಗಡೇದರಲ್ಲೂ ನಡುವಿಂದರಲ್ಲೂ ಏನೋ ಜಿಡ್ಡು. ನಾಲಿಗೆ ಹಿಂಭಾಗದಲ್ಲಿ. ಇದಾ ಬೆಣ್ಣೆ? ಎಡಗಡೇದರಲ್ಲಿ ಇಲ್ಲ. ಚೊಕ್ಕ ಇದೆ."

ಮೂಗಣ್ಣ ಗೋಡೆಯಿಂದ ತಿರುಗಿದ. "ಎಡಗಡೇದು ಬೆಚ್ಚಗಿಟ್ಟಿದ್ದು" ಎಂದಷ್ಟೇ ಹೇಳಿದ.

ಅವಳು ನೇರ ಹೋಗಿ ತೊಟ್ಟಿಯನ್ನು ತಣ್ಣಗಿಡುವ ನೀರಿನ ನಲ್ಲಿ ನಿಲ್ಲಿಸಿದಳು. ಗೋಡೆಯ ಸೀಮೆಸುಣ್ಣದ ಸಾಲನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಹನ್ನೊಂದು ದಿನ ಬಿಟ್ಟು, ಹೋಟೆಲಿನವನ ಗಡುವಿಗೆ ಮೂರು ದಿನ ಮುಂಚೆ, ಬಂಗಾರದ ಬಣ್ಣದ್ದು ಕೊನೆಯ ಸಲ ಮೇಜಿಗೆ ಬಂತು. ಕತ್ತರಿ ಎಂದಿನಂತೆ ಒಂಬತ್ತು. ಹೊಲಿಗೆಯವಳು ಮೊದಲ ಸಲ ಗ್ಲಾಸು ಖಾಲಿ ಮಾಡಿ, ಅದನ್ನೇ ಅಂಕವೆಂದು ತಿಳಿಯಿರಿ ಎಂದಳು. ಮೂಗಣ್ಣ ಚೀಟಿಯ ವಾಸನೆಯ ಜಾಗದಲ್ಲಿ "ಲವಂಗ" ಎಂದು ಬರೆದ. ಮುಂದೆ ಏನು ಬರೆಯಬೇಕೆಂದು ತಿಳಿಯದೆ ಬಹಳ ಹೊತ್ತು ಪೆನ್ನು ಹಿಡಿದು ಕೂತ. ಆ ಪದದ ಮುಂದೆ ಒಳ್ಳೆಯ ಅಂಕ ಬರೆದ ರೂಢಿ ಆ ಕೈಗಿರಲಿಲ್ಲ. ಕೊನೆಗೆ ಒಟ್ಟು ಏಳು ಎಂದು ಬರೆದು ಸಹಿ ಹಾಕಿದ.

"ಏಳು!" ಎಂದು ಕತ್ತರಿ ಬೊಬ್ಬೆ ಹೊಡೆದ. "ಯಾರಾದ್ರೂ ಡಾಕ್ಟರನ್ನ ಕರೀರಪ್ಪ."

ಪುಟ್ಟಿ ಆ ಚೀಟಿಯನ್ನು ಗೋಡೆಗೆ ಅಂಟಿಸಲು ಹೋದಳು. ಅಲ್ಲಿ ಹಳೆಯದು ಇನ್ನೂ ಇತ್ತು: ಲವಂಗ, ಎರಡು, ಕೆಳಗೆ ಅವನದೇ ಸಹಿ. ಅದನ್ನು ಕೀಳಲು ಉಗುರು ಹಾಕಿದಳು.

"ಕೀಳಬೇಡ, ಇರಲಿ" ಎಂದ ಮೂಗಣ್ಣ. "ಎರಡೂ ಅಕ್ಕಪಕ್ಕ ಇರಲಿ. ಮುಂದೆ ಯಾವತ್ತಾದ್ರೂ ನಾನು ಜೋರು ಮಾಡಿದ್ರೆ ಕೈ ತೋರಿಸು, ಸಾಕು."

"ಯಾವತ್ತಾದ್ರೂ?" ಎಂದಳು ಹೆಂಡತಿ, ಹೊಲಿಗೆ ಚೀಲ ಕಟ್ಟುತ್ತ. "ಮನೇಲಿಡೋದಕ್ಕೆ ಅದರದ್ದೊಂದು ನಕಲು ನಂಗೂ ಬರೆದು ಕೊಡಮ್ಮ."